ಕರ್ನಲ್ 6.1ರಿಂದ 6.12ಕ್ಕೆ ಏರಿದ ಮೇಲೆ ವೈಫೈಯೂ ಇಲ್ಲ, ಧ್ವನಿಯೂ ಇಲ್ಲ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ

ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ನಲ್ಲಿರುವ ಲಿನಕ್ಸ್ ವಿತರಣೆಯನ್ನು ಅದರ ಮುಂದಿನ ಆವೃತ್ತಿಗೆ ಏರಿಸಿದಾಗ ಕರ್ನಲ್ (ಹಾರ್ಡ್‌ವೇರನ್ನು ನಡೆಸುವ, ವ್ಯವಸ್ಥೆಯ ತಿರುಳು) ಕೂಡ 6.1ರ ಸರಣಿಯಿಂದ 6.12ರ ಸರಣಿಗೆ ಬದಲಾಯಿತು. ಅಪ್‌ಗ್ರೇಡ್ ನಡೆಯುತ್ತಿದ್ದಾಗ ಪರದೆಯ ಮೇಲೆ ಯಾವ ದೋಷಸಂದೇಶವೂ ಬರಲಿಲ್ಲ. ಯಂತ್ರ ಎಂದಿನಂತೆ ಬೂಟ್ ಆಗುತ್ತದೆ, ಡೆಸ್ಕ್‌ಟಾಪ್ ಬರುತ್ತದೆ, ಆದರೆ ನೆಟ್‌ವರ್ಕ್ ಸೆಟ್ಟಿಂಗ್ ತೆರೆದರೆ ವೈಫೈ ಅಡಾಪ್ಟರ್ ಕಂಡುಬಂದಿಲ್ಲ ಎಂದು ಹೇಳುತ್ತದೆ. ಧ್ವನಿಯ ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಇರಬೇಕಾದ ಜಾಗದಲ್ಲಿ ‘ಡಮ್ಮಿ ಔಟ್‌ಪುಟ್’ ಎಂಬ ಒಂದೇ ಸಾಲು ಉಳಿದಿದೆ.

ಬೂಟ್ ಆಗುವಾಗ ಕರ್ನಲ್ ಆರಿಸಲು ಬರುವ ಗ್ರಬ್ ಮೆನುವಿನ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹೋಗಿ ಹಳೆಯ 6.1 ಕರ್ನಲನ್ನು ಆರಿಸಿಕೊಂಡರೆ ವೈಫೈ, ಧ್ವನಿ ಎರಡೂ ಸರಿಯಾಗಿ ನಡೆಯುತ್ತವೆ. ಲ್ಯಾಪ್‌ಟಾಪ್ ಹೊಸದಾಗಿದ್ದಾಗ ಅದರ ವೈಫೈ ಚಿಪ್ಪಿಗೆ ಕರ್ನಲ್‌ನಲ್ಲಿ ಡ್ರೈವರ್ ಇರಲಿಲ್ಲವಾದ್ದರಿಂದ ಹೊರಗಿನಿಂದ ತಂದ ಡ್ರೈವರೊಂದನ್ನು ಡಿಕೆಎಂಎಸ್ (ಹೊರಗಿನ ಡ್ರೈವರನ್ನು ಪ್ರತಿಯೊಂದು ಕರ್ನಲ್‌ಗೂ ಕಂಪೈಲ್ ಮಾಡಿಕೊಡುವ ವ್ಯವಸ್ಥೆ) ಮೂಲಕ ಹಾಕಿಕೊಳ್ಳಲಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಸದ್ಯಕ್ಕೆ ಫೋನನ್ನು ಯುಎಸ್‌ಬಿ ಮೂಲಕ ಜೋಡಿಸಿ ಇಂಟರ್ನೆಟ್ ಬಳಸುತ್ತಿದ್ದೇನೆ.

ಹುಡುಕಿದಲ್ಲೆಲ್ಲ ಸಲಹೆಗಳಿಗೆ ಕೊರತೆಯಿಲ್ಲ. ಡ್ರೈವರನ್ನು ಮತ್ತೆ ಹಾಕಿ ಎನ್ನುವವರು ಕೆಲವರು, ಬೂಟ್ ಸಾಲಿಗೆ ಇಂಥದ್ದೊಂದು ಪದ ಸೇರಿಸಿ ಎನ್ನುವವರು ಕೆಲವರು, ಇಡೀ ವ್ಯವಸ್ಥೆಯನ್ನೇ ಹೊಸದಾಗಿ ಸ್ಥಾಪಿಸಿ ಎನ್ನುವವರೂ ಇದ್ದಾರೆ. ಕಣ್ಣುಮುಚ್ಚಿ ಒಂದೊಂದನ್ನೇ ಮಾಡಿ ನೋಡುವ ಬದಲು ತೊಂದರೆ ಎಲ್ಲಿದೆ ಎಂಬುದನ್ನು ತಿಳಿದುಕೊಳ್ಳುವ ಕ್ರಮವನ್ನು ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ. ಎರಡಕ್ಕೂ ಕಾರಣ ಒಂದೇ ಇರಬಹುದೇ ಎಂಬ ಪ್ರಶ್ನೆಯೂ ಇದೆ.

ಮೊದಲನೆಯ ಉತ್ತರ

ಹಳೆಯ ಕರ್ನಲ್‌ನಲ್ಲಿ ಎರಡೂ ನಡೆಯುತ್ತವೆ ಎಂಬ ನಿಮ್ಮ ಮಾತಿನಿಂದಲೇ ಅರ್ಧ ಹುಡುಕಾಟ ಮುಗಿದಂತಾಯಿತು: ಕಾರ್ಡ್ ಕೆಟ್ಟಿಲ್ಲ, ಸಡಿಲವಾಗಿಲ್ಲ, ಬಯಾಸ್‌ನಲ್ಲಿ ಅದು ಆಫ್ ಆಗಿಲ್ಲ. ಉಳಿದ ಅರ್ಧದಲ್ಲಿ ಬಹಳಷ್ಟು ಜನ ದಾರಿ ತಪ್ಪುವುದು ‘ಹಾರ್ಡ್‌ವೇರ್ ಕಾಣುತ್ತಿಲ್ಲ’ ಎಂಬುದನ್ನು ಒಂದೇ ಘಟನೆ ಎಂದುಕೊಳ್ಳುವುದರಿಂದ. ಪಿಸಿಐ ಅಥವಾ ಯುಎಸ್‌ಬಿ ಬಸ್ಸಿನ (ಸಾಧನಗಳನ್ನು ಜೋಡಿಸುವ ಮಾರ್ಗದ) ಮೇಲೆ ಒಂದು ಸಾಧನವಿದೆ ಎಂದು ಕರ್ನಲ್‌ಗೆ ಗೊತ್ತಾಗುವುದು ಒಂದು ಹಂತ. ಆ ಸಾಧನ ಹೇಳಿಕೊಳ್ಳುವ ತಯಾರಕ ಸಂಖ್ಯೆಗೂ ಸಾಧನ ಸಂಖ್ಯೆಗೂ ಹೊಂದುವ ಡ್ರೈವರ್ ಮಾಡ್ಯೂಲನ್ನು (ಬೇಕಾದಾಗ ಕರ್ನಲ್‌ಗೆ ಸೇರಿಸುವ ತುಣುಕನ್ನು) ಹುಡುಕಿ ಮೆಮೊರಿಗೆ ತರುವುದು ಇನ್ನೊಂದು ಹಂತ. ಹಾಗೆ ಬಂದ ಡ್ರೈವರ್ ಚಿಪ್ಪನ್ನು ಎಬ್ಬಿಸಿ, ಅದಕ್ಕೆ ಬೇಕಾದ ಫರ್ಮ್‌ವೇರ್ (ಚಿಪ್ಪಿನೊಳಗೇ ನಡೆಯುವ ತಂತ್ರಾಂಶ) ಕಡತವನ್ನು ಡಿಸ್ಕ್‌ನಿಂದ ಓದಿ ಅದರೊಳಗೆ ತುಂಬುವುದು ಮತ್ತೊಂದು. ಕೊನೆಗೆ ವೈಫೈ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್, ಧ್ವನಿ ನೋಡಿಕೊಳ್ಳುವ ಪೈಪ್‌ವೈರ್ ಮೊದಲಾದ ಮೇಲಿನ ತಂತ್ರಾಂಶಗಳು ಆ ಸಾಧನವನ್ನು ಹೆಸರಿನಿಂದ ಗುರುತಿಸಿ ಬಳಕೆಗೆ ತೆಗೆದುಕೊಳ್ಳಬೇಕು. ಇವುಗಳಲ್ಲಿ ಯಾವುದು ಮುರಿದರೂ ಡೆಸ್ಕ್‌ಟಾಪ್ ತೋರಿಸುವ ಸಂದೇಶ ಮಾತ್ರ ಒಂದೇ. ಆದ್ದರಿಂದ ಯಾವ ಡ್ರೈವರನ್ನು ಹಾಕಬೇಕು ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ಸಾಧನ ಯಾವ ಹಂತದಲ್ಲಿ ನಿಂತುಹೋಗಿದೆ ಎಂಬುದನ್ನು ಮೊದಲು ಕಂಡುಕೊಳ್ಳೋಣ.

ಹೊಸ ಕರ್ನಲ್‌ನಲ್ಲಿ ಬೂಟ್ ಮಾಡಿ, ಟರ್ಮಿನಲ್‌ನಲ್ಲಿ ‘ಯುನೇಮ್ -ಆರ್’ ಎಂದು ಕೊಟ್ಟು, ಈಗ ನಡೆಯುತ್ತಿರುವ ಕರ್ನಲ್‌ನ ಪೂರ್ಣ ಹೆಸರನ್ನು ಗುರುತು ಹಾಕಿಕೊಳ್ಳಿ. ಲಿಬ್ ಫೋಲ್ಡರಿನ ಒಳಗಿನ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ಅಕ್ಷರಶಃ ಅದೇ ಹೆಸರಿನ ಉಪಫೋಲ್ಡರ್ ಇರಬೇಕು. ಕರ್ನಲ್ ತನ್ನ ಮಾಡ್ಯೂಲ್‌ಗಳನ್ನು ಅಲ್ಲಿ ಬಿಟ್ಟು ಬೇರೆಲ್ಲೂ ಹುಡುಕುವುದಿಲ್ಲ. ಆರ್ಚ್‌ನಂಥ ವಿತರಣೆಗಳಲ್ಲಿ ಅಪ್‌ಗ್ರೇಡ್ ಮಾಡಿ ಮರುಚಾಲನೆ ಮಾಡದೆ ಕೆಲಸ ಮುಂದುವರಿಸಿದರೆ, ನಡೆಯುತ್ತಿರುವ ಹಳೆಯ ಕರ್ನಲ್‌ನ ಮಾಡ್ಯೂಲ್‌ಗಳು ಡಿಸ್ಕ್‌ನಿಂದ ಅಳಿದುಹೋಗಿರುತ್ತವೆ. ಆಮೇಲೆ ಚುಚ್ಚಿದ ಪೆನ್‌ಡ್ರೈವ್ ಕೂಡ ಕಾಣದಿರುವುದಕ್ಕೆ ಅಷ್ಟೇ ಕಾರಣ. ಉಬುಂಟುವಿನಲ್ಲಿ ಬೇರೆ ಬಗೆಯ ತೊಡಕು ಇದೆ. ಅಲ್ಲಿ ಮಾಡ್ಯೂಲ್‌ಗಳನ್ನು ಎರಡು ಪ್ಯಾಕೇಜ್‌ಗಳಾಗಿ ಹಂಚಿದ್ದಾರೆ. ‘ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ’ ಎಂಬ ಎರಡನೆಯ ಪ್ಯಾಕೇಜ್ ಹೊಸ ಕರ್ನಲ್‌ನೊಡನೆ ಬರದೇ ಉಳಿದರೆ ಫೋಲ್ಡರೇನೋ ಇರುತ್ತದೆ, ಆದರೆ ಹಲವು ಡ್ರೈವರ್‌ಗಳು ಅದರಲ್ಲಿ ಇರುವುದಿಲ್ಲ.

ಇದು ಸರಿಯಿದ್ದರೆ, ಪಿಸಿಐ ಸಾಧನಗಳನ್ನು ಪಟ್ಟಿಮಾಡುವ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಎಂದು ಕೊಡಿ. ಕೆ ಎಂಬ ಅಕ್ಷರವನ್ನು ಬಿಡಬೇಡಿ, ಏಕೆಂದರೆ ಅದಿಲ್ಲದ ಪಟ್ಟಿ ಬಾಗಿಲ ಮೇಲಿನ ಹೆಸರಿನ ಫಲಕವನ್ನಷ್ಟೇ ಓದಿದ ಹಾಗೆ: ಒಳಗೆ ಯಾರಾದರೂ ಇದ್ದಾರೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ಕೆ ಕೊಟ್ಟಾಗ ಪ್ರತಿಯೊಂದು ಸಾಧನದ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’, ‘ಕರ್ನಲ್ ಮಾಡ್ಯೂಲ್ಸ್’ ಎಂಬ ಎರಡು ಸಾಲುಗಳು ಬರಬಹುದು. ಮೊದಲನೆಯದು ಈಗ ಸಾಧನವನ್ನು ಹಿಡಿದುಕೊಂಡಿರುವ ಡ್ರೈವರ್. ಎರಡನೆಯದು ಡಿಸ್ಕ್‌ನಲ್ಲಿರುವ ಮಾಡ್ಯೂಲ್‌ಗಳ ಪೈಕಿ ಈ ಸಾಧನದ ಸಂಖ್ಯೆಗೆ ಹೊಂದುವುವು. ಎರಡೂ ಸಾಲು ಇಲ್ಲದಿದ್ದರೆ ಈ ಕರ್ನಲ್‌ನಲ್ಲಿ ಆ ಚಿಪ್ಪಿಗೆ ಡ್ರೈವರೇ ಇಲ್ಲ ಎಂದರ್ಥ. ಎರಡನೆಯದು ಇದ್ದು ಮೊದಲನೆಯದು ಇಲ್ಲದಿದ್ದರೆ ಡ್ರೈವರ್ ಇದೆ, ಯಾವುದೋ ಅದನ್ನು ತಡೆಯುತ್ತಿದೆ. ಎರಡೂ ಇದ್ದು ಸಾಧನ ಮಾತ್ರ ನಡೆಯದಿದ್ದರೆ ತೊಂದರೆ ಫರ್ಮ್‌ವೇರ್‌ನಲ್ಲೋ ಅದಕ್ಕೂ ಮೇಲಿನ ಪದರದಲ್ಲೋ ಇದೆ. ಸಾಧನದ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಡ್ರೈವರ್‌ನ ಮಾತು ಎತ್ತುವುದೇ ವ್ಯರ್ಥ.

ಇದಾದ ಮೇಲೆ ಕರ್ನಲ್‌ನ ದಾಖಲೆ. ‘ಜರ್ನಲ್‌ಸಿಟಿಎಲ್ -ಕೆ -ಬಿ’ ಎಂದರೆ ಈ ಬೂಟ್‌ನದು. ಕೊನೆಗೆ -1 ಸೇರಿಸಿದರೆ ಹಿಂದಿನ ಬೂಟ್‌ನದು. ಒಮ್ಮೆ ಹಳೆಯ ಕರ್ನಲ್‌ನಲ್ಲಿ, ಕೂಡಲೇ ಇನ್ನೊಮ್ಮೆ ಹೊಸದರಲ್ಲಿ ಬೂಟ್ ಮಾಡಿದರೆ ಎರಡೂ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬಹುದು. ಸಾಲಿನ ಕೊನೆಯಲ್ಲಿರುವ ಋಣಸಂಖ್ಯೆಯನ್ನು ಓದದೆ ಬಿಡಬೇಡಿ. -2 ಎಂದರೆ ಕೇಳಿದ ಕಡತ ಇಲ್ಲ. ಫರ್ಮ್‌ವೇರ್ ಎಂಬ ಪದದೊಡನೆ ಅದು ಬಂದರೆ ಬೇರೆ ಸಾಕ್ಷಿ ಬೇಕಾಗಿಲ್ಲ. -19 ಎಂದರೆ ಅಂಥ ಸಾಧನವಿಲ್ಲ. -110 ಎಂದರೆ ಸಾಧನ ಹೇಳಿದ ಸಮಯದೊಳಗೆ ಉತ್ತರ ಕೊಡಲಿಲ್ಲ. ಇದು ಹೆಚ್ಚಾಗಿ ವಿದ್ಯುತ್ ಉಳಿತಾಯದ ಕಡೆಗೆ ಬೆರಳು ತೋರಿಸುತ್ತದೆ. -517 ಕಂಡರೆ ಗಾಬರಿಯಾಗಬೇಡಿ, ಅದು ‘ನಾನು ನಂಬಿದ ಇನ್ನೊಂದು ಡ್ರೈವರ್ ಇನ್ನೂ ಬಂದಿಲ್ಲ, ಆಮೇಲೆ ನೋಡುತ್ತೇನೆ’ ಎಂದು ಡ್ರೈವರ್ ಹೇಳುವ ಮಾತು.

ಡಿಕೆಎಂಎಸ್ ಬಗ್ಗೆ ಹೇಳಿದ್ದೀರಿ, ಆದ್ದರಿಂದ ‘ಡಿಕೆಎಂಎಸ್ ಸ್ಟೇಟಸ್’ ಏನು ಹೇಳುತ್ತದೆ ಎಂಬುದನ್ನೂ ತಿಳಿಸಿ. ವೈಫೈ ಮತ್ತು ಧ್ವನಿ ಒಂದೇ ದಿನ ಹೋದವು ಎಂದ ಮಾತ್ರಕ್ಕೆ ಎರಡಕ್ಕೂ ಕಾರಣ ಒಂದೇ ಎಂದುಕೊಳ್ಳುವಂತಿಲ್ಲ. 6.1 ಬಿಡುಗಡೆಯಾದದ್ದು 2022ರ ಡಿಸೆಂಬರ್‌ನಲ್ಲಿ, 6.12 ಬಂದದ್ದು 2024ರ ನವೆಂಬರ್‌ನಲ್ಲಿ. ಸುಮಾರು ಎರಡು ವರ್ಷಗಳ ಬದಲಾವಣೆಗಳನ್ನು ನಿಮ್ಮ ಯಂತ್ರ ಒಂದೇ ಮರುಚಾಲನೆಯಲ್ಲಿ ಎದುರಿಸಿದೆ. ಎರಡನ್ನೂ ಬೇರೆಬೇರೆಯಾಗಿಯೇ ನೋಡೋಣ.

ಎರಡನೆಯ ಉತ್ತರ

ಮೇಲಿನವರು ಹೇಳಿದ ಕ್ರಮ ಸರಿ. ಆದರೆ ನಾಳೆ ಬೆಳಿಗ್ಗೆ ಯಂತ್ರ ಕೆಲಸಕ್ಕೆ ಬೇಕು ಎನ್ನುವವರಿಗೆ ಹಳೆಯ ಕರ್ನಲ್‌ನಲ್ಲೇ ಕೆಲವು ದಿನ ಇರುವುದು ತಪ್ಪಲ್ಲ. ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ‘ಗ್ರಬ್ ಡಿಫಾಲ್ಟ್’ ಎಂಬುದಕ್ಕೆ ‘ಸೇವ್ಡ್’ ಎಂಬ ಮೌಲ್ಯ ಕೊಟ್ಟು, ‘ಗ್ರಬ್-ಸೆಟ್-ಡಿಫಾಲ್ಟ್’ ಮೂಲಕ 6.1ನ್ನು ಗುರುತಿಸಿಟ್ಟರೆ ಪ್ರತಿಸಲ ಮೆನುವಿನಲ್ಲಿ ಆರಿಸಬೇಕಾದ ಗೋಜು ಇರುವುದಿಲ್ಲ. ಡೆಬಿಯನ್ ಮೂಲದ ವಿತರಣೆಗಳಲ್ಲಿ ‘ಆಪ್ಟ್-ಮಾರ್ಕ್ ಹೋಲ್ಡ್’ ಕೊಟ್ಟು ಹಳೆಯ ಕರ್ನಲ್ ಪ್ಯಾಕೇಜ್ ಅಳಿಯದಂತೆ ಕಾಪಾಡಬಹುದು. ಫೆಡೋರಾದಲ್ಲಿ ಎಚ್ಚರ ಬೇಕು: ಅಲ್ಲಿ ರೂಢಿಯಂತೆ ಮೂರು ಕರ್ನಲ್‌ಗಳನ್ನು ಮಾತ್ರ ಇಟ್ಟುಕೊಳ್ಳುತ್ತಾರೆ, ನಾಲ್ಕನೆಯದು ಬಂದಾಗ ಅತಿ ಹಳೆಯದು ಹೋಗುತ್ತದೆ.

ಭದ್ರತೆಯ ತಿದ್ದುಪಡಿಗಳು ತಡೆಹಿಡಿದ ಕರ್ನಲ್‌ಗೆ ಬರುವುದಿಲ್ಲವಾದ್ದರಿಂದ ಇದು ತಿಂಗಳುಗಟ್ಟಲೆ ನಡೆಸುವ ವ್ಯವಸ್ಥೆಯಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹೊಸ ಕರ್ನಲ್‌ನಲ್ಲಿ ಬೂಟ್ ಮಾಡಿ ನೋಡಿದ್ದನ್ನು ಬರೆಯುತ್ತಿದ್ದೇನೆ.

ಮಾಡ್ಯೂಲ್‌ಗಳ ಫೋಲ್ಡರ್ ಸರಿಯಾದ ಹೆಸರಿನಲ್ಲಿಯೇ ಇದೆ. ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ವೈಫೈ ಕಾರ್ಡ್ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಹೆಸರಿನಲ್ಲಿ ಕಾಣುತ್ತದೆ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಸಾಲು ಇಲ್ಲ, ಆದರೆ ‘ಕರ್ನಲ್ ಮಾಡ್ಯೂಲ್ಸ್’ ಸಾಲಿನಲ್ಲಿ ಒಂದು ಹೆಸರು ಇದೆ. ವಿಚಿತ್ರವೆಂದರೆ ಆ ಹೆಸರು ನನ್ನ ಡಿಕೆಎಂಎಸ್ ಡ್ರೈವರ್‌ನದಲ್ಲ. ಇದುವರೆಗೆ ನೋಡದ ಬೇರೆಯ ಹೆಸರು. ಕರ್ನಲ್ ದಾಖಲೆಯಲ್ಲಿ ವೈಫೈಗೆ ಸಂಬಂಧಿಸಿದ ಒಂದೇ ಒಂದು ಸಾಲೂ ಇಲ್ಲ.

ಡಿಕೆಎಂಎಸ್ ಸ್ಟೇಟಸ್‌ನಲ್ಲಿ 6.1ರ ಎದುರು ‘ಇನ್‌ಸ್ಟಾಲ್ಡ್’ ಎಂದಿದೆ, 6.12ರ ಹೆಸರೇ ಅಲ್ಲಿಲ್ಲ. ಹೊಸ ಕರ್ನಲ್‌ನ ಹೆಡರ್ ಪ್ಯಾಕೇಜ್ (ಡ್ರೈವರ್ ಕಂಪೈಲ್ ಮಾಡಲು ಬೇಕಾದ ಕಡತಗಳು) ಯಂತ್ರದಲ್ಲಿ ಇರಲಿಲ್ಲ. ಅದನ್ನು ಹಾಕಿದೊಡನೆ ಡಿಕೆಎಂಎಸ್ ತಾನಾಗಿಯೇ ಕಂಪೈಲ್ ಮಾಡಲು ಹೊರಟು ಅರ್ಧಕ್ಕೆ ನಿಂತಿತು. ‘ಮೇಕ್ ಡಾಟ್ ಲಾಗ್’ ಕಡತದಲ್ಲಿ ‘ಅನ್‌ಅಲೈನ್ಡ್’ ಎಂಬ ಹೆಸರಿನ ಹೆಡರ್ ಕಡತ ಸಿಗಲಿಲ್ಲ ಎಂದು ಬರೆದಿದೆ.

ಧ್ವನಿಯ ಸಾಧನದ ಕೆಳಗೆ ಎರಡೂ ಸಾಲುಗಳಿವೆ. ಆದರೆ ಹಳೆಯ ಕರ್ನಲ್‌ನಲ್ಲಿ ಡ್ರೈವರ್‌ನ ಹೆಸರು ‘ಎಸ್‌ಎನ್‌ಡಿ-ಎಚ್‌ಡಿಎ’ ಎಂದು ಆರಂಭವಾದರೆ ಹೊಸದರಲ್ಲಿ ‘ಎಸ್‌ಒಎಫ್’ ಎಂದು ಆರಂಭವಾಗುತ್ತದೆ. ದಾಖಲೆಯಲ್ಲಿ ‘ಡೈರೆಕ್ಟ್ ಫರ್ಮ್‌ವೇರ್ ಲೋಡ್’ ಎಂದು ಶುರುವಾಗಿ ‘ಫೇಲ್ಡ್ ವಿತ್ ಎರರ್ -2’ ಎಂದು ಮುಗಿಯುವ ಸಾಲು ಸಿಕ್ಕಿತು. ನೀವು ಹೇಳಿದ ಸಂಖ್ಯೆಯೇ ಅದು.

ಮೊದಲ ಉತ್ತರ ಬರೆದವರು

ಇಷ್ಟು ವಿವರ ಕೊಟ್ಟ ಮೇಲೆ ಊಹೆಗೆ ಕೆಲಸವೇ ಉಳಿಯಲಿಲ್ಲ.

ಧ್ವನಿಯದನ್ನು ಮೊದಲು ಮುಗಿಸೋಣ, ಅದು ಸುಲಭ. ಒಂದೇ ಧ್ವನಿ ಚಿಪ್ಪನ್ನು ನಡೆಸಬಲ್ಲ ಎರಡು ಡ್ರೈವರ್‌ಗಳು ಕರ್ನಲ್‌ನಲ್ಲಿ ಇವೆ. ಹಳೆಯದಕ್ಕೆ ಡಿಸ್ಕ್‌ನಿಂದ ಯಾವ ಫರ್ಮ್‌ವೇರೂ ಬೇಕಾಗಿರಲಿಲ್ಲ. ಹೊಸ ಕರ್ನಲ್ ನಿಮ್ಮ ಯಂತ್ರಕ್ಕೆ ‘ಸೌಂಡ್ ಓಪನ್ ಫರ್ಮ್‌ವೇರ್’ ಡ್ರೈವರನ್ನು ಆರಿಸಿಕೊಂಡಿದೆ. ಅದಕ್ಕೆ ಒಂದು ಫರ್ಮ್‌ವೇರ್ ಕಡತವೂ ಟೋಪಾಲಜಿ ಎಂಬ ಇನ್ನೊಂದು ಕಡತವೂ ಬೇಕು. ಅವು ಕರ್ನಲ್‌ನೊಡನೆ ಬರುವುದಿಲ್ಲ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಪ್ಯಾಕೇಜ್‌ನ ಹೆಸರು ‘ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್’, ಫೆಡೋರಾದಲ್ಲಿ ‘ಆಲ್ಸಾ-ಎಸ್‌ಒಎಫ್-ಫರ್ಮ್‌ವೇರ್’, ಆರ್ಚ್‌ನಲ್ಲಿ ‘ಎಸ್‌ಒಎಫ್-ಫರ್ಮ್‌ವೇರ್’. ಅದನ್ನು ಹಾಕಿ ಮರುಚಾಲನೆ ಮಾಡಿದರೆ ಡಮ್ಮಿ ಔಟ್‌ಪುಟ್ ಹೋಗಬೇಕು. ಪ್ಯಾಕೇಜ್ ಸಿಗುತ್ತಿಲ್ಲವೆಂದರೆ ಸಾಫ್ಟ್‌ವೇರ್ ಮೂಲಗಳ ಪಟ್ಟಿಯನ್ನು ನೋಡಿ. 2023ರಲ್ಲಿ ಬಂದ ಡೆಬಿಯನ್ 12ರಿಂದ ಮುಕ್ತವಲ್ಲದ ಫರ್ಮ್‌ವೇರ್‌ಗಳಿಗೆಂದೇ ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಪ್ರತ್ಯೇಕ ವಿಭಾಗವಿದೆ. ಹಳೆಯ ಪಟ್ಟಿಯನ್ನೇ ಉಳಿಸಿಕೊಂಡು ಮೇಲೇರಿದ ಯಂತ್ರಗಳಲ್ಲಿ ಅದು ಸೇರಿರುವುದಿಲ್ಲ. ಫರ್ಮ್‌ವೇರ್ ಹಾಕಿದ ಮೇಲೂ ಧ್ವನಿ ಬಾರದಿದ್ದರೆ ಮಾತ್ರ ‘ಎಸ್‌ಎನ್‌ಡಿ-ಇಂಟೆಲ್-ಡಿಎಸ್‌ಪಿಸಿಎಫ್‌ಜಿ’ ಮಾಡ್ಯೂಲಿಗೆ ‘ಡಿಎಸ್‌ಪಿ ಡ್ರೈವರ್ = 1’ ಎಂಬ ಆಯ್ಕೆ ಕೊಟ್ಟು ಹಳೆಯ ಡ್ರೈವರ್‌ಗೆ ಹಿಂದಿರುಗಬಹುದು. ಹಾಗೆ ಹಿಂದಿರುಗಿದರೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರ್ ಬಂದು ಒಳಗಿನ ಮೈಕ್ರೊಫೋನ್ ಹೋಗುತ್ತದೆ, ಆದ್ದರಿಂದ ಅದು ನನ್ನ ಮೊದಲ ಆಯ್ಕೆಯಲ್ಲ.

ವೈಫೈ ಹೆಚ್ಚು ಸ್ವಾರಸ್ಯದ್ದು. ಹೆಡರ್‌ಗಳಿಲ್ಲದೆ ಡಿಕೆಎಂಎಸ್ ಸುಮ್ಮನೆ ಕೈಕಟ್ಟಿ ಕೂರುತ್ತದೆ, ಅದಕ್ಕೇ ಅಪ್‌ಗ್ರೇಡ್ ಆಗುವಾಗ ನಿಮಗೆ ದೋಷವೇನೂ ಕಾಣಲಿಲ್ಲ. ಹೆಡರ್ ಬಂದ ಮೇಲೆ ಕಂಪೈಲ್ ನಿಂತದ್ದಕ್ಕೆ ಕಾರಣ ಬೇರೆ. ಬಳಕೆದಾರರ ಪ್ರೋಗ್ರಾಂಗಳಿಗೆ ತೊಂದರೆಯಾಗಬಾರದು ಎಂಬ ನಿಯಮವನ್ನು ಕರ್ನಲ್ ಅಭಿವೃದ್ಧಿಪಡಿಸುವವರು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ, ಆದರೆ ಕರ್ನಲ್‌ನ ಒಳಗಿನ ಫಂಕ್ಷನ್‌ಗಳಿಗೂ ಹೆಡರ್‌ಗಳಿಗೂ ಆ ಭರವಸೆ ಇಲ್ಲ. ಉದಾಹರಣೆಗೆ, ಕ್ಲಾಸ್ ಸೃಷ್ಟಿಸುವ ಫಂಕ್ಷನ್ 6.4ರಲ್ಲಿ ತನ್ನ ಒಂದು ಆರ್ಗ್ಯುಮೆಂಟನ್ನು ಕಳೆದುಕೊಂಡಿತು. ‘ಅನ್‌ಅಲೈನ್ಡ್’ ಹೆಡರ್ 6.12ರಲ್ಲಿ ‘ಎಎಸ್‌ಎಂ’ ಫೋಲ್ಡರಿನಿಂದ ‘ಲಿನಕ್ಸ್’ ಫೋಲ್ಡರಿಗೆ ಹೋಯಿತು. ಕರ್ನಲ್‌ನ ಒಳಗಿರುವ ಡ್ರೈವರ್‌ಗಳನ್ನು ಬದಲಾವಣೆ ಮಾಡಿದವರೇ ತಿದ್ದುತ್ತಾರೆ. ಹೊರಗಿನವುಗಳನ್ನು ಅವುಗಳ ಲೇಖಕರು ತಿದ್ದಬೇಕು, ತಿದ್ದದಿದ್ದರೆ ನಿಮ್ಮ ಲಾಗ್‌ನಲ್ಲಿ ಕಂಡ ಸಾಲು ಬರುತ್ತದೆ.

ಆದರೆ ಆ ಹಳೆಯ ಡ್ರೈವರನ್ನು ಸರಿಪಡಿಸುವ ಗೋಜಿಗೆ ಹೋಗುವ ಮೊದಲು ನಿಮ್ಮ ‘ಕರ್ನಲ್ ಮಾಡ್ಯೂಲ್ಸ್’ ಸಾಲನ್ನು ಮತ್ತೊಮ್ಮೆ ನೋಡಿ. ಅಲ್ಲಿರುವ ಅಪರಿಚಿತ ಹೆಸರು ಕರ್ನಲ್‌ನದೇ ಡ್ರೈವರ್. 6.1ರ ನಂತರದ ಯಾವುದೋ ಬಿಡುಗಡೆಯಲ್ಲಿ ನಿಮ್ಮ ಚಿಪ್ಪಿಗೆ ಬೆಂಬಲ ಬಂದಿದೆ. ಹಾಗಿದ್ದೂ ಅದು ತಾನಾಗಿ ಏಕೆ ಲೋಡ್ ಆಗಲಿಲ್ಲ? ದಾಖಲೆಯಲ್ಲಿ ಒಂದು ಸಾಲೂ ಇಲ್ಲ ಎಂದಿದ್ದೀರಿ. ಫರ್ಮ್‌ವೇರ್ ಇಲ್ಲದಿದ್ದರೆ ದೋಷದ ಸಾಲು ಇರುತ್ತಿತ್ತು, ಮಾಡ್ಯೂಲಿನ ಡಿಜಿಟಲ್ ಸಹಿಯ ತೊಂದರೆಯಿದ್ದರೂ ಇರುತ್ತಿತ್ತು. ಈ ಸಂಪೂರ್ಣ ಮೌನ ಸಾಮಾನ್ಯವಾಗಿ ಬ್ಲ್ಯಾಕ್‌ಲಿಸ್ಟ್‌ನ, ಅಂದರೆ ತಾನಾಗಿ ಲೋಡ್ ಆಗಬಾರದ ಮಾಡ್ಯೂಲ್‌ಗಳ ಪಟ್ಟಿಯ, ಗುರುತು. ಹೊರಗಿನ ಡ್ರೈವರ್‌ಗಳನ್ನು ಸ್ಥಾಪಿಸುವ ಸ್ಕ್ರಿಪ್ಟ್‌ಗಳಲ್ಲಿ ಹಲವು, ಮುಂದೆ ಕರ್ನಲ್‌ನ ಡ್ರೈವರ್‌ನೊಡನೆ ಜಗಳವಾಗದಿರಲಿ ಎಂದು ಅದರ ಹೆಸರನ್ನು ‘ಇಟಿಸಿ’ ಒಳಗಿನ ‘ಮಾಡ್‌ಪ್ರೋಬ್ ಡಾಟ್ ಡಿ’ ಫೋಲ್ಡರಿನಲ್ಲಿ ಬ್ಲ್ಯಾಕ್‌ಲಿಸ್ಟ್ ಮಾಡಿ ಹೋಗುತ್ತವೆ.

ಇದನ್ನು ಪರೀಕ್ಷಿಸಲು ಒಂದು ಚಿಕ್ಕ ಉಪಾಯವಿದೆ. ಬ್ಲ್ಯಾಕ್‌ಲಿಸ್ಟ್ ತಡೆಯುವುದು ಸಾಧನದ ಸಂಖ್ಯೆ ನೋಡಿ ತಾನಾಗಿ ನಡೆಯುವ ಲೋಡನ್ನು ಮಾತ್ರ. ಹೆಸರು ಹಿಡಿದು ಕರೆದರೆ ಮಾಡ್ಯೂಲ್ ಬಂದೇ ಬರುತ್ತದೆ. ಆದ್ದರಿಂದ ಆ ಸಾಲಿನಲ್ಲಿರುವ ಹೆಸರನ್ನು ‘ಸುಡೊ ಮಾಡ್‌ಪ್ರೋಬ್’ ಮುಂದೆ ಬರೆದು ಎಂಟರ್ ಒತ್ತಿ. ವೈಫೈ ಕೂಡಲೇ ಪ್ರತ್ಯಕ್ಷವಾದರೆ ಕಾರಣ ಬ್ಲ್ಯಾಕ್‌ಲಿಸ್ಟೇ. ಅದು ಯಾವ ಕಡತದಲ್ಲಿದೆ ಎಂದು ಗ್ರೆಪ್ ಮೂಲಕ ಹುಡುಕುವಾಗ ‘ಇಟಿಸಿ’ ಒಳಗಿನದನ್ನು ಮಾತ್ರ ನೋಡಿ ನಿಲ್ಲಿಸಬೇಡಿ. ‘ಯುಎಸ್‌ಆರ್’ ಒಳಗಿನ ಲಿಬ್ ಫೋಲ್ಡರಿನಲ್ಲೂ ಅದೇ ಹೆಸರಿನ ಫೋಲ್ಡರ್ ಇದೆ, ಗ್ರಬ್‌ನ ಬೂಟ್ ಸಾಲಿನಲ್ಲೂ ಬ್ಲ್ಯಾಕ್‌ಲಿಸ್ಟ್ ಇರಬಹುದು. ‘ಬ್ಲ್ಯಾಕ್‌ಲಿಸ್ಟ್’ ಎಂಬುದರ ಬದಲು ‘ಇನ್‌ಸ್ಟಾಲ್’ ಎಂದು ಆರಂಭವಾಗಿ ‘ಫಾಲ್ಸ್’ ಎಂದು ಮುಗಿಯುವ ಸಾಲು ಇದ್ದರೆ ಮಾತ್ರ ಹೆಸರು ಹಿಡಿದು ಕರೆದರೂ ಮಾಡ್ಯೂಲ್ ಬಾರದು.

ಮೂರನೆಯ ಉತ್ತರ

ಮೇಲಿನ ವಿವರಣೆಗೆ ಒಂದೆರಡು ಮಾತು ಸೇರಿಸಬೇಕೆನಿಸಿತು. ಸಹಿಯಿರುವ ತಂತ್ರಾಂಶವನ್ನು ಮಾತ್ರ ಬೂಟ್ ಮಾಡಗೊಡುವ ಸೆಕ್ಯೂರ್ ಬೂಟ್ ಆನ್ ಇರುವ ಯಂತ್ರಗಳಲ್ಲಿ ಡಿಕೆಎಂಎಸ್ ಕಂಪೈಲ್ ಯಶಸ್ವಿಯಾಗಿಯೂ ಸಾಧನ ಕಾಣದಿರುವುದುಂಟು. ಕರ್ನಲ್ ತಾನು ನಂಬುವ ಕೀಲಿಯ ಸಹಿಯಿಲ್ಲದ ಮಾಡ್ಯೂಲನ್ನು ಒಳಗೆ ಬಿಡುವುದಿಲ್ಲ. ಮಾಡ್‌ಪ್ರೋಬ್ ಕೊಟ್ಟಾಗ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎನ್ನುತ್ತದೆ. ‘ಮೋಕ್‌ಯುಟಿಲ್’ ಆದೇಶದಲ್ಲಿ ಸೆಕ್ಯೂರ್ ಬೂಟ್‌ನ ಸ್ಥಿತಿ ನೋಡಿ, ಡಿಕೆಎಂಎಸ್ ಬಳಸುವ ಸಾರ್ವಜನಿಕ ಕೀಲಿಯನ್ನು ಅದರ ಮೂಲಕವೇ ಇಂಪೋರ್ಟ್ ಮಾಡಿದರೆ ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯೊಂದು ಬಂದು ಒಪ್ಪಿಗೆ ಕೇಳುತ್ತದೆ. ಆ ಪರದೆ ಕೆಲವೇ ಸೆಕೆಂಡ್ ಕಾಯುತ್ತದೆ. ಏನೂ ಒತ್ತದೆ ಬಿಟ್ಟರೆ ಬೂಟ್ ಮುಂದುವರಿದು, ಇಂಪೋರ್ಟ್ ಮಾಡಿದ್ದು ವ್ಯರ್ಥವಾಗುತ್ತದೆ.

ಕರ್ನಲ್‌ನ ಒಳಗಿನ ಡ್ರೈವರ್‌ಗೆ ಈ ಯಾವ ರಗಳೆಯೂ ಇಲ್ಲ, ಏಕೆಂದರೆ ಅದಕ್ಕೆ ವಿತರಣೆಯೇ ಸಹಿ ಹಾಕಿರುತ್ತದೆ. ಆದ್ದರಿಂದ ಒಳಗಿನದು ಸಿಗುತ್ತಿರುವಾಗ ಹೊರಗಿನದನ್ನು ತೇಪೆ ಹಚ್ಚಿ ಉಳಿಸಿಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಎರಡನ್ನೂ ಇಟ್ಟುಕೊಳ್ಳುವುದಂತೂ ಬೇಡ. ಯಾವುದು ಮೊದಲು ಸಾಧನವನ್ನು ಹಿಡಿಯುತ್ತದೋ ಅದೇ ಗೆಲ್ಲುತ್ತದೆ.

ಬ್ಲ್ಯಾಕ್‌ಲಿಸ್ಟ್ ಕಡತವನ್ನು ತೆಗೆದ ಮೇಲೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ಬಳಸುವ ತಾತ್ಕಾಲಿಕ ಕಡತವ್ಯವಸ್ಥೆ) ಅನ್ನೂ ಹೊಸದಾಗಿ ಕಟ್ಟಬೇಕೇ ಎಂದು ಕೇಳುವವರಿದ್ದಾರೆ. ಮಾಡ್‌ಪ್ರೋಬ್‌ನ ಕಡತಗಳ ಒಂದು ಪ್ರತಿ ಅದರೊಳಗೂ ಇರುತ್ತದೆ. ವೈಫೈ ಡ್ರೈವರ್ ಸಾಮಾನ್ಯವಾಗಿ ಮುಖ್ಯ ಡಿಸ್ಕ್ ಮೌಂಟ್ ಆದ ನಂತರವೇ ಲೋಡ್ ಆಗುವುದರಿಂದ ಇಲ್ಲಿ ಅದರ ಅಗತ್ಯ ಬೀಳಲಿಕ್ಕಿಲ್ಲ, ಆದರೆ ಡಿಸ್ಕ್ ಕಂಟ್ರೋಲರ್ ಅಥವಾ ಗ್ರಾಫಿಕ್ಸ್ ವಿಷಯದಲ್ಲಿ ಆ ಹಳೆಯ ಪ್ರತಿಯೇ ತೊಂದರೆ ಕೊಡುತ್ತದೆ. ಡೆಬಿಯನ್ ಮೂಲದ ವಿತರಣೆಗಳಲ್ಲಿ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’, ಫೆಡೋರಾದಲ್ಲಿ ‘ಡ್ರಾಕಟ್ --ಫೋರ್ಸ್’ ಕೊಟ್ಟರೆ ಸಾಕು. ಅದಕ್ಕೂ ಮುನ್ನ ಬೂಟ್ ಪಾರ್ಟಿಷನ್‌ನಲ್ಲಿ ಜಾಗವಿದೆಯೇ ನೋಡಿಕೊಳ್ಳಿ, ಹಳೆಯ ಕರ್ನಲ್‌ಗಳು ತುಂಬಿಕೊಂಡಿದ್ದರೆ ಇನಿಟ್‌ರಾಮ್‌ಎಫ್‌ಎಸ್ ಪೂರ್ತಿಯಾಗಿ ಬರೆಯಲ್ಪಡದೆ ಉಳಿಯುತ್ತದೆ.

ಇನ್ನೊಬ್ಬರ ಪ್ರಶ್ನೆ

ಇದೇ ವಿಷಯವಾದ್ದರಿಂದ ಇಲ್ಲಿಯೇ ಕೇಳುತ್ತಿದ್ದೇನೆ. ನನ್ನ ಯಂತ್ರದಲ್ಲೂ ಕರ್ನಲ್ ಬದಲಾದ ಮೇಲೆ ವೈಫೈ ಹೋಗಿದೆ, ಆದರೆ ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಕಾರ್ಡ್‌ನ ಹೆಸರೇ ಇಲ್ಲ. ಈ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೂಡ ಇದೆ. ನಾನೇನು ಮಾಡಬೇಕು?

ಮೊದಲ ಉತ್ತರ ಬರೆದವರು

ನಿಮ್ಮದು ಬಸ್ಸಿನ ಹಂತದಲ್ಲೇ ನಿಂತಿರುವ ಪ್ರಕರಣ. ಡ್ರೈವರ್, ಫರ್ಮ್‌ವೇರ್, ಡಿಕೆಎಂಎಸ್ ಯಾವುದನ್ನೂ ಮುಟ್ಟಬೇಡಿ. ಕರ್ನಲ್ ಅಪ್‌ಗ್ರೇಡ್‌ಗೂ ಇದಕ್ಕೂ ಸಂಬಂಧವೇ ಇಲ್ಲದಿರಬಹುದು. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮಲಗುತ್ತದೆ, ಕಾರ್ಡ್ ಕೂಡ ಅರ್ಧ ನಿದ್ದೆಯಲ್ಲೇ ಉಳಿದುಬಿಡುವುದುಂಟು. ಆ ಆಯ್ಕೆಯನ್ನು ಆಫ್ ಮಾಡಿ, ಯಂತ್ರವನ್ನು ಪೂರ್ತಿ ನಿಲ್ಲಿಸಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಆಮೇಲೆ ಲಿನಕ್ಸ್‌ಗೆ ಬೂಟ್ ಮಾಡಿ. ಮರುಚಾಲನೆ ಇದಕ್ಕೆ ಸಾಟಿಯಲ್ಲ, ಏಕೆಂದರೆ ಅದರಲ್ಲಿ ಕಾರ್ಡ್‌ಗೆ ಹೋಗುವ ವಿದ್ಯುತ್ ಕಡಿಯದೇ ಇರಬಹುದು.

ಅದರಿಂದಲೂ ಬಾರದಿದ್ದರೆ ಹಳೆಯ ಕರ್ನಲ್‌ನಲ್ಲಿ ಕಾರ್ಡ್ ಕಾಣುತ್ತದೆಯೇ ಎಂಬುದು ಮುಖ್ಯ ಪ್ರಶ್ನೆ. ಅಲ್ಲಿಯೂ ಕಾಣದಿದ್ದರೆ ಬಯಾಸ್ ಅಥವಾ ಕಾರ್ಡನ್ನೇ ಸಂಶಯಿಸಬೇಕು. ಅಲ್ಲಿ ಕಂಡು ಇಲ್ಲಿ ಕಾಣದಿದ್ದರೆ ದಾಖಲೆಯಲ್ಲಿ ‘ಡಿ3ಕೋಲ್ಡ್’ ಎಂಬ ಪದವನ್ನು ಹುಡುಕಿ. ಅದು ಪಿಸಿಐ ಸಾಧನದ ಅತ್ಯಂತ ಗಾಢ ನಿದ್ದೆಯ ಸ್ಥಿತಿ, ಅದರ ವಿದ್ಯುತ್ ಪೂರ್ತಿ ನಿಂತಿರುತ್ತದೆ. ಗ್ರಬ್ ಮೆನುವಿನಲ್ಲಿ ಇ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಗೆ ‘ಪಿಸಿಐಇ_ಎಎಸ್‌ಪಿಎಂ=ಆಫ್’ ಎಂದು ಒಮ್ಮೆ, ‘ಪಿಸಿಐಇ_ಪೋರ್ಟ್_ಪಿಎಂ=ಆಫ್’ ಎಂದು ಇನ್ನೊಮ್ಮೆ ಸೇರಿಸಿ ಬೂಟ್ ಮಾಡಿ. ಹೀಗೆ ಸೇರಿಸಿದ್ದು ಆ ಒಂದು ಬೂಟ್‌ಗೆ ಮಾತ್ರ ಅನ್ವಯಿಸುವುದರಿಂದ ಹೆದರಬೇಕಾಗಿಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ. ಸರಿಹೋದರೂ ಅದನ್ನು ಕಾಯಂ ಮಾಡುವ ಮುಂಚೆ ಬಯಾಸ್‌ನ ಹೊಸ ಆವೃತ್ತಿ ಇದೆಯೇ ನೋಡಿ, ಏಕೆಂದರೆ ಈ ಆಯ್ಕೆಗಳು ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತವೆ.

ಇದಾವುದರಿಂದಲೂ ಆಗದಿದ್ದರೆ ಅದು ಕರ್ನಲ್‌ನಲ್ಲೇ ಹುಟ್ಟಿದ ದೋಷವಿರಬಹುದು. ನಡುವಿನ ಆವೃತ್ತಿಗಳ ಸಿದ್ಧ ಪ್ಯಾಕೇಜ್‌ಗಳನ್ನು ಹಾಕಿ ನೋಡಿ, ಯಾವ ಬಿಡುಗಡೆಯವರೆಗೆ ಕಾರ್ಡ್ ಕಾಣುತ್ತಿತ್ತು, ಯಾವುದರಿಂದ ಕಾಣದಾಯಿತು ಎಂದು ಹೇಳಬಲ್ಲಿರಾದರೆ ನಿಮ್ಮ ವರದಿಯನ್ನು ಅಭಿವೃದ್ಧಿಕಾರರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಒಂದೊಂದು ಬಿಡುಗಡೆಯಲ್ಲೂ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳಿರುತ್ತವೆ. ತಪ್ಪು ಎಲ್ಲಿ ನುಸುಳಿತೆಂದು ಹುಡುಕುವ ‘ಗಿಟ್ ಬೈಸೆಕ್ಟ್’ ಆದೇಶ ಪ್ರತಿಸಲ ಅರ್ಧಕ್ಕರ್ಧ ಕಡಿಯುವುದರಿಂದ ಹದಿನಾಲ್ಕು ಸುತ್ತುಗಳಲ್ಲಿ 16,384 ಬದಲಾವಣೆಗಳ ನಡುವಿನಿಂದ ತಪ್ಪಿತಸ್ಥ ಒಂದನ್ನು ಹೊರತೆಗೆಯಬಹುದು. ಪ್ರತಿಯೊಂದು ಸುತ್ತಿಗೂ ಕರ್ನಲ್ ಕಂಪೈಲ್ ಮಾಡಬೇಕಾಗುವುದರಿಂದ ತಾಳ್ಮೆ ಬೇಕು, ಅದು ಬೇರೆ ಮಾತು.

ಪ್ರಶ್ನೆ ಕೇಳಿದವರು

ಎರಡೂ ಬಂದವು. ಫರ್ಮ್‌ವೇರ್ ಪ್ಯಾಕೇಜ್ ಹಾಕಿ ಮರುಚಾಲನೆ ಮಾಡಿದಾಗ ಸ್ಪೀಕರೂ ಮೈಕ್ರೊಫೋನೂ ಪಟ್ಟಿಯಲ್ಲಿ ಕಾಣಿಸಿಕೊಂಡವು. ವೈಫೈಗೆ ಮಾಡ್‌ಪ್ರೋಬ್ ಕೊಟ್ಟು ಎಂಟರ್ ಒತ್ತಿದೊಡನೆ ದಾಖಲೆಯಲ್ಲಿ ಫರ್ಮ್‌ವೇರ್ ಆವೃತ್ತಿಯ ಸಾಲು ಬಂತು, ಕೆಲವು ಕ್ಷಣಗಳಲ್ಲಿ ಸುತ್ತಲಿನ ನೆಟ್‌ವರ್ಕ್‌ಗಳ ಹೆಸರುಗಳು ಕಂಡವು. ಬ್ಲ್ಯಾಕ್‌ಲಿಸ್ಟ್ ಇದ್ದದ್ದು ಹೊರಗಿನ ಡ್ರೈವರ್‌ನ ಹೆಸರನ್ನೇ ಹೊತ್ತ ಕಡತವೊಂದರಲ್ಲಿ. ಅದನ್ನು ತೆಗೆದು ಮರುಚಾಲನೆ ಮಾಡಿದ್ದೇನೆ, ಈಗ ‘ಕರ್ನಲ್ ಡ್ರೈವರ್ ಇನ್ ಯೂಸ್’ ಸಾಲು ತಾನಾಗಿಯೇ ಬರುತ್ತದೆ.

ಒಂದು ಸಂಗತಿ ಉಳಿದಿದೆ. ಇಂಟರ್‌ಫೇಸ್‌ನ ಹೆಸರು ಮೊದಲು ‘ಡಬ್ಲ್ಯೂಎಲ್‌ಎಎನ್0’ ಎಂದಿದ್ದದ್ದು ಈಗ ‘ಡಬ್ಲ್ಯೂಎಲ್‌ಪಿ2ಎಸ್0’ ಎಂದಾಗಿದೆ. ಹಿಂದೆ ಉಳಿಸಿಟ್ಟ ಸಂಪರ್ಕಗಳಲ್ಲಿ ಒಂದು ತಾನಾಗಿ ಸೇರಿಕೊಳ್ಳುತ್ತಿಲ್ಲ, ಫೈರ್‌ವಾಲ್‌ನ ಒಂದು ನಿಯಮವೂ ಹಳೆಯ ಹೆಸರನ್ನೇ ಹಿಡಿದುಕೊಂಡಿದೆ. ಹಳೆಯ ಹೆಸರನ್ನು ಮರಳಿ ತರುವುದು ಒಳ್ಳೆಯದೋ, ಹೊಸದಕ್ಕೆ ಹೊಂದಿಕೊಳ್ಳುವುದು ಒಳ್ಳೆಯದೋ?

ಮೂರನೆಯ ಉತ್ತರ ಬರೆದವರು

ಹೊಸದಕ್ಕೆ ಹೊಂದಿಕೊಳ್ಳಿ. ಆ ಹೆಸರಿನಲ್ಲಿರುವ 2 ಎಂಬುದು ಪಿಸಿಐ ಬಸ್ಸಿನ ಸಂಖ್ಯೆ, 0 ಎಂಬುದು ಸ್ಲಾಟ್‌ನ ಸಂಖ್ಯೆ. ಕಾರ್ಡ್ ಅದೇ ಜಾಗದಲ್ಲಿ ಇರುವವರೆಗೆ ಹೆಸರು ಸಾಮಾನ್ಯವಾಗಿ ಬದಲಾಗುವುದಿಲ್ಲ. ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಆ ಸಂಪರ್ಕದ ವಿವರ ತೆರೆದು ಇಂಟರ್‌ಫೇಸ್ ಹೆಸರಿನ ಜಾಗವನ್ನು ಖಾಲಿ ಬಿಟ್ಟರೆ ಅದು ಯಾವ ವೈಫೈ ಸಾಧನಕ್ಕಾದರೂ ಅನ್ವಯಿಸುತ್ತದೆ. ಫೈರ್‌ವಾಲ್‌ನ ನಿಯಮವನ್ನು ಮಾತ್ರ ಕೈಯಾರೆ ತಿದ್ದಬೇಕು, ಮತ್ತು ಅದನ್ನು ಇಂದೇ ಮಾಡಿ: ಹೆಸರು ಹೊಂದದ ನಿಯಮ ದೂರು ಹೇಳದೆ ಸುಮ್ಮನೆ ನಿಷ್ಕ್ರಿಯವಾಗಿರುತ್ತದೆ. ಯಾವುದಾದರೂ ಪ್ರೋಗ್ರಾಂ ಹಳೆಯ ಹೆಸರನ್ನೇ ಬೇಡುತ್ತಿದ್ದರೆ ಸಿಸ್ಟಮ್‌ಡಿಯ ‘ನೆಟ್‌ವರ್ಕ್’ ಫೋಲ್ಡರಿನಲ್ಲಿ ‘ಲಿಂಕ್’ ಎಂಬ ವಿಸ್ತರಣೆಯ ಕಡತ ಬರೆದು, ಕಾರ್ಡ್‌ನ ಶಾಶ್ವತ ಮ್ಯಾಕ್ ವಿಳಾಸಕ್ಕೆ ಬೇಕಾದ ಹೆಸರನ್ನು ಕಟ್ಟಿಹಾಕಬಹುದು, ಆದರೆ ‘ಡಬ್ಲ್ಯೂಎಲ್‌ಎಎನ್0’ ಎಂಬುದನ್ನೇ ಕೊಡಬೇಡಿ. ಕರ್ನಲ್ ತಾನೇ ಹಂಚುವ ಹೆಸರುಗಳೊಡನೆ ಅದು ಘರ್ಷಿಸುತ್ತದೆ.

ಹಳೆಯ ಡ್ರೈವರ್ ಡಿಕೆಎಂಎಸ್‌ನ ಪಟ್ಟಿಯಲ್ಲಿ ಇನ್ನೂ ಇದೆ ಎಂಬುದನ್ನೂ ಗಮನಿಸಿ. ಈಗ ಹೆಡರ್‌ಗಳು ಇರುವುದರಿಂದ ಪ್ರತಿಯೊಂದು ಕರ್ನಲ್ ಅಪ್‌ಡೇಟ್‌ನಲ್ಲಿ ಅದು ಕಂಪೈಲ್ ಆಗಲು ಹೊರಟು ಸೋಲುತ್ತದೆ, ಪ್ಯಾಕೇಜ್‌ನ ಸ್ಥಾಪನೆಯನ್ನೂ ಅರ್ಧದಲ್ಲಿ ನಿಲ್ಲಿಸಬಹುದು. ‘ಡಿಕೆಎಂಎಸ್ ರಿಮೂವ್’ ಮುಂದೆ ಅದರ ಹೆಸರು, ಆವೃತ್ತಿ ಕೊಟ್ಟು ಕೊನೆಗೆ ‘--ಆಲ್’ ಸೇರಿಸಿದರೆ ಎಲ್ಲ ಕರ್ನಲ್‌ಗಳಿಂದಲೂ ಹೋಗುತ್ತದೆ. ಆಮೇಲೆ 6.1ಕ್ಕೆ ಬೂಟ್ ಮಾಡಿದರೆ ಅಲ್ಲಿ ವೈಫೈ ಇರುವುದಿಲ್ಲ, ಆದ್ದರಿಂದ 6.12 ಕೆಲವು ದಿನ ತೊಂದರೆಯಿಲ್ಲದೆ ನಡೆದದ್ದನ್ನು, ವಿಶೇಷವಾಗಿ ಸಸ್ಪೆಂಡ್ ಮಾಡಿ ಎಬ್ಬಿಸಿದ ಮೇಲೂ ವೈಫೈ ಬರುವುದನ್ನು, ನೋಡಿಕೊಂಡು ನಂತರ ತೆಗೆಯಿರಿ.